ದೂರದ ಉಗ್ರಾಣದಲ್ಲಿ ಊರಿನ ಪಹಣಿ

ಪ್ರವೇಶ : ಹೊಲದ ಹಕ್ಕನ್ನು ತೋರಿಸುವ ದಾಖಲೆಯು ರೈತನ ಬಾಳಿಗೆ ಆಧಾರ. ಆ ದಾಖಲೆಯು ಕೈಬರಹದ ವಹಿಯಿಂದ ಗಣಕಯಂತ್ರಕ್ಕೂ, ಅಲ್ಲಿಂದ ಕ್ಲೌಡ್ ಎಂಬ ದೂರದ ಉಗ್ರಾಣಕ್ಕೂ ಸಾಗುವಾಗ ಯಾವ ನಿಯಮಗಳು ಅದನ್ನು ಕಾಪಾಡುತ್ತವೆ ಎಂಬುದನ್ನು ಈ ಪಾಠವು ವಿವರಿಸುತ್ತದೆ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನೆಲವನ್ನು ರಾಯಚೂರು ದೋಆಬ್ ಎಂದು ಕರೆಯುವುದನ್ನು ನೀವು ಇತಿಹಾಸದಲ್ಲಿ ಓದಿದ್ದೀರಿ. ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಹಲವು ಬಾರಿ ಕಾದಾಡಿದರು. ಅರಸರ ಕಾಳಗಗಳು ಮುಗಿದು ಶತಮಾನಗಳೇ ಕಳೆದವು. ಆದರೆ 'ಈ ಹೊಲ ಯಾರದು?' ಎಂಬ ಪ್ರಶ್ನೆಯು ಪ್ರತಿಯೊಂದು ಊರಿನಲ್ಲಿಯೂ ಇಂದಿಗೂ ಜೀವಂತವಾಗಿದೆ. ಈಗ ಅದಕ್ಕೆ ಉತ್ತರ ಹೇಳುವುದು ಒಂದು ಹಾಳೆ. ಅದರ ಹೆಸರು ಪಹಣಿ.

ರಾಯಚೂರಿನ ಪಶ್ಚಿಮಕ್ಕೆ ಕಲ್ಮಲ ಎಂಬ ಊರಿದೆ. ದೇವದುರ್ಗದ ಕಡೆಗೂ ಮಾನ್ವಿಯ ಕಡೆಗೂ ಹೋಗುವ ದಾರಿಗಳು ಇಲ್ಲಿ ಕವಲೊಡೆಯುತ್ತವೆ. ಕಲ್ಮಲವು ಒಂದು ಹೋಬಳಿಯ ಕೇಂದ್ರವೂ ಹೌದು. ಸುತ್ತಲಿನ ಹಳ್ಳಿಗಳ ರೈತನೊಬ್ಬನು ಬಿತ್ತನೆಯ ಕಾಲಕ್ಕೆ ಬೆಳೆಸಾಲ ಕೇಳಲು ಹೋದರೆ ಮೊದಲು ಪಹಣಿಯನ್ನು ತೋರಿಸಬೇಕು. ಮಳೆ ಕೈಕೊಟ್ಟು ಪರಿಹಾರ ಬೇಡುವಾಗಲೂ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗಲೂ, ತಂದೆ ತೀರಿಕೊಂಡ ಮೇಲೆ ತಾಯಿಯ ಹೆಸರಿಗೆ ಹೊಲವನ್ನು ಮಾಡಿಸುವಾಗಲೂ ಇದೇ ಹಾಳೆ ಬೇಕು. ಅದರ 9ನೆಯ ಕಲಮಿನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ. 11ನೆಯ ಕಲಮಿನಲ್ಲಿ ಆ ನೆಲದ ಮೇಲಿರುವ ಇತರ ಹಕ್ಕುಗಳೂ ಸಾಲಗಳೂ ನಮೂದಾಗಿರುತ್ತವೆ. ಒಂದು ಅಕ್ಷರ ತಪ್ಪಿದರೆ ಸಾಲ ನಿಲ್ಲುತ್ತದೆ. ಒಂದು ಹೆಸರು ಬಿಟ್ಟುಹೋದರೆ ಒಂದು ಕುಟುಂಬದ ಅನ್ನಕ್ಕೇ ಕುತ್ತು ಬರುತ್ತದೆ.

ಹಿಂದೆ ಈ ದಾಖಲೆಗಳೆಲ್ಲವೂ ಕೈಬರಹದ ವಹಿಗಳಲ್ಲಿದ್ದವು. ರಾಯಚೂರು ಜಿಲ್ಲೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಬಳಿಕ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. 1956ರ ನವೆಂಬರ್ 1ರಂದು ಅದು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಆಡಳಿತಗಳು ಬದಲಾದವು, ಬರೆಯುವ ಭಾಷೆಯೂ ಉರ್ದುವಿನಿಂದ ಕನ್ನಡಕ್ಕೆ ಬದಲಾಯಿತು. ಆದರೆ ವಹಿಯ ಪದ್ಧತಿಯು ಹಾಗೆಯೇ ಉಳಿಯಿತು. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರು ತಮ್ಮ ತಮ್ಮ ಗ್ರಾಮಗಳ ವಹಿಗಳನ್ನು ಇಟ್ಟುಕೊಂಡಿರುತ್ತಿದ್ದರು. ಲೆಕ್ಕಿಗರು ಊರಲ್ಲಿಲ್ಲದ ದಿನ ಪಹಣಿಯೂ ಇಲ್ಲ. ವಹಿಯಲ್ಲಿ ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದನ್ನು ಬೇರೆಯವರು ಪರಿಶೀಲಿಸುವುದು ಸುಲಭವಾಗಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಲು ಕರ್ನಾಟಕ ಸರ್ಕಾರದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ 'ಭೂಮಿ' ಎಂಬ ಯೋಜನೆಯನ್ನು 2000ದ ಸುಮಾರಿಗೆ ಜಾರಿಗೆ ತಂದಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟು ಯಾರು ಬೇಕಾದರೂ ಅಚ್ಚಾದ ಪಹಣಿಯನ್ನು ಪಡೆಯಬಹುದಾಯಿತು. ದಾಖಲೆಯನ್ನು ತಿದ್ದುವ ನೌಕರನು ಮೊದಲು ತನ್ನ ಬೆರಳಚ್ಚನ್ನು ಕೊಟ್ಟು ಯಂತ್ರವನ್ನು ತೆರೆಯಬೇಕಾಗಿತ್ತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡಬೇಕೆಂಬ ನಿಯಮವೂ ಬಂದಿತು.

ಕಾಗದವನ್ನು ಯಂತ್ರಕ್ಕೆ ಏರಿಸಿದ ಮಾತ್ರಕ್ಕೆ ದಾಖಲೆಯು ನಂಬಿಕೆಗೆ ಅರ್ಹವಾಗುವುದಿಲ್ಲ. ಅದನ್ನು ಜೋಡಿಸುವ ಕ್ರಮವೊಂದು ಬೇಕು. ಆ ಕ್ರಮವನ್ನು ಜಗತ್ತಿಗೆ ಕೊಟ್ಟವನು ಎಡ್ಗರ್ ಕಾಡ್ ಎಂಬ ವಿದ್ವಾಂಸ. ಇಂಗ್ಲೆಂಡಿನಲ್ಲಿ 1923ರಲ್ಲಿ ಹುಟ್ಟಿದ ಈತನು ಅಮೆರಿಕದಲ್ಲಿ ಐ.ಬಿ.ಎಂ. ಸಂಸ್ಥೆಯ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದನು. 1970ರಲ್ಲಿ ಈತನು ಪ್ರಕಟಿಸಿದ ಒಂದು ಲೇಖನವು ದತ್ತಾಂಶವನ್ನು ಇಡುವ ರೀತಿಯನ್ನೇ ಬದಲಿಸಿತು. 1981ರಲ್ಲಿ ಈತನಿಗೆ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯು ದೊರೆಯಿತು.

ಕಾಡ್‌ನ ವಿಚಾರವು ಸರಳವಾದುದು. ಎಲ್ಲ ಮಾಹಿತಿಯನ್ನೂ ಕೋಷ್ಟಕಗಳಲ್ಲಿ ಬರೆಯಬೇಕು. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು. ಕೋಷ್ಟಕಗಳ ನಡುವಣ ಸಂಬಂಧವನ್ನು ಅವುಗಳಲ್ಲಿರುವ ಗುರುತುಗಳ ಮೂಲಕವೇ ಕಂಡುಕೊಳ್ಳಬೇಕು. ಹೀಗೆ ಜೋಡಿಸಿದ ಭಂಡಾರಕ್ಕೆ ಸಂಬಂಧಾತ್ಮಕ ದತ್ತಸಂಚಯ ಎಂದು ಹೆಸರು. ಬಳಕೆಯಲ್ಲಿ ಇದನ್ನು ರಿಲೇಷನಲ್ ಡೇಟಾಬೇಸ್ ಎನ್ನುತ್ತಾರೆ.

ಇದರ ಪ್ರಯೋಜನವನ್ನು ಹಳೆಯ ವಹಿಗಳೊಡನೆ ಹೋಲಿಸಿ ನೋಡೋಣ. 'ಈ ಹೊಲ ಯಾರದು?' ಎಂದು ಕೇಳಿದರೆ ಪಹಣಿಯ ವಹಿಯನ್ನು ತೆಗೆಯಬೇಕಾಗಿತ್ತು. 'ಈ ರೈತನಿಗೆ ಯಾವ ಯಾವ ಹೊಲಗಳಿವೆ?' ಎಂದು ಕೇಳಿದರೆ ಖಾತೆಯ ವಹಿಯನ್ನು ತೆಗೆಯಬೇಕಾಗಿತ್ತು. ಎರಡೂ ಹೇಳುವುದು ಒಂದೇ ಸಂಗತಿಯನ್ನು. ಆದರೆ ಬರೆದುದು ಎರಡು ಕಡೆ. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಎರಡು ವಹಿಗಳು ಪರಸ್ಪರ ವಿರುದ್ಧವಾದ ಸಾಕ್ಷಿ ನುಡಿಯುತ್ತಿದ್ದವು. ದತ್ತಸಂಚಯದಲ್ಲಿ ಹೊಲಗಳಿಗೆ ಒಂದು ಕೋಷ್ಟಕ, ರೈತರಿಗೆ ಒಂದು ಕೋಷ್ಟಕ, ಯಾವ ಹೊಲದಲ್ಲಿ ಯಾರಿಗೆ ಎಷ್ಟು ಪಾಲು ಎಂಬುದಕ್ಕೆ ಮೂರನೆಯ ಕೋಷ್ಟಕ. ಮೂರನೆಯದನ್ನು ಹೊಲದ ಕಡೆಯಿಂದ ಓದಿದರೆ ಪಹಣಿ. ರೈತನ ಕಡೆಯಿಂದ ಓದಿದರೆ ಖಾತೆ. ಬರಹ ಒಂದೇ ಆದುದರಿಂದ ಎರಡರ ನಡುವೆ ವಿರೋಧಕ್ಕೆ ಎಡೆಯೇ ಇಲ್ಲ.

ಪ್ರತಿಯೊಂದು ಸಾಲಿಗೂ ಬೇರಾವುದಕ್ಕೂ ಇಲ್ಲದ ಒಂದು ಗುರುತು ಇರಬೇಕು. ಅದನ್ನು ಆ ಸಾಲಿನ ಕೀಲಿ ಎನ್ನುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ಒಂದೇ ಹೆಸರಿನ ರೈತರು ನೂರಾರು ಮಂದಿ ಇರಬಹುದು; ಆದುದರಿಂದ ಹೆಸರು ಕೀಲಿಯಾಗಲಾರದು. 48 ಎಂಬ ಸರ್ವೆ ನಂಬರು ಅನೇಕ ಊರುಗಳಲ್ಲಿ ಇರಬಹುದು. ಆದುದರಿಂದ ಬರಿಯ ಸರ್ವೆ ನಂಬರೂ ಸಾಲದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಇವೆಲ್ಲವೂ ಸೇರಿದಾಗ ಮಾತ್ರ ಭೂಮಿಯ ಮೇಲಿನ ಒಂದೇ ಒಂದು ತುಂಡು ನೆಲವು ಗುರುತಾಗುತ್ತದೆ. ಒಂದೇ ಕೀಲಿಯ ಎರಡು ಸಾಲುಗಳನ್ನು ಬರೆಯಲು ಹೊರಟರೆ ಯಂತ್ರವು ಒಪ್ಪುವುದಿಲ್ಲ. ರೈತರ ಕೋಷ್ಟಕದಲ್ಲಿ ಇಲ್ಲದವನಿಗೆ ಪಾಲು ಬರೆಯಲು ಹೋದರೂ ಅದು ನಿರಾಕರಿಸುತ್ತದೆ. ಹೀಗೆ ಕಾವಲಿನ ನಿಯಮಗಳು ಕೋಷ್ಟಕದೊಳಗೇ ಅಡಕವಾಗಿರುತ್ತವೆ.

ಇನ್ನೊಂದು ನಿಯಮವು ಇದಕ್ಕಿಂತಲೂ ಮುಖ್ಯವಾದುದು. ಒಬ್ಬ ರೈತನಿಗೆ 4 ಎಕರೆ 20 ಗುಂಟೆ ಹೊಲವಿದೆ ಎಂದು ಇಟ್ಟುಕೊಳ್ಳೋಣ. ಒಂದು ಎಕರೆಗೆ 40 ಗುಂಟೆ. ಆದುದರಿಂದ ಒಟ್ಟು 180 ಗುಂಟೆ. ಮಗಳ ಮದುವೆಗಾಗಿ ಅವನು 60 ಗುಂಟೆಯನ್ನು ನೆರೆಯವನಿಗೆ ಮಾರುತ್ತಾನೆ. ದಾಖಲೆಯಲ್ಲಿ ಈಗ ಎರಡು ಕೆಲಸಗಳಾಗಬೇಕು: ಮಾರಿದವನ ಸಾಲನ್ನು 120 ಗುಂಟೆಗೆ ಇಳಿಸಬೇಕು, ಕೊಂಡವನ ಹೆಸರಿನಲ್ಲಿ 60 ಗುಂಟೆಯ ಹೊಸ ಸಾಲನ್ನು ಬರೆಯಬೇಕು. ಮೊದಲನೆಯದು ಮುಗಿದು ಎರಡನೆಯದು ಆಗುವಷ್ಟರಲ್ಲಿ ವಿದ್ಯುತ್ ಹೋದರೆ ಏನಾಗುತ್ತದೆ? 60 ಗುಂಟೆ ನೆಲಕ್ಕೆ ಒಡೆಯನೇ ಇಲ್ಲವಾಗುತ್ತಾನೆ. ಕ್ರಮವು ಹಿಂದುಮುಂದಾಗಿದ್ದರೆ 180 ಗುಂಟೆಯ ಹೊಲಕ್ಕೆ 240 ಗುಂಟೆಯ ಒಡೆಯರು ಹುಟ್ಟಿಕೊಳ್ಳುತ್ತಾರೆ.

ಇಂತಹ ಅನರ್ಥವನ್ನು ತಡೆಯಲು ಎರಡೂ ಕೆಲಸಗಳನ್ನು ಒಂದೇ ವಹಿವಾಟು ಎಂದು ಕಟ್ಟಿಬಿಡುತ್ತಾರೆ. ವಹಿವಾಟು ಆದರೆ ಪೂರ್ತಿ ಆಗಬೇಕು. ಇಲ್ಲವಾದರೆ ಏನೂ ಆಗಬಾರದು. ಯಂತ್ರವು ಮಾಡಲಿರುವ ಬದಲಾವಣೆಗಳನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ವಿದ್ಯುತ್ ಹೋಗಿ ಮರಳಿ ಬಂದಾಗ ಆ ದಿನಚರಿಯನ್ನು ಓದಿ, ಪೂರ್ಣವಾದ ವಹಿವಾಟುಗಳನ್ನು ಉಳಿಸಿಕೊಂಡು, ಅರ್ಧಕ್ಕೆ ನಿಂತವುಗಳನ್ನು ಅಳಿಸಿಹಾಕುತ್ತದೆ. ಈ ತತ್ತ್ವವನ್ನು ಬೆಳೆಸಿದವರಲ್ಲಿ ಪ್ರಮುಖನಾದ ಜಿಮ್ ಗ್ರೇ ಎಂಬ ವಿಜ್ಞಾನಿಗೆ 1998ರ ಟ್ಯೂರಿಂಗ್ ಪ್ರಶಸ್ತಿಯು ಸಂದಿತು.

ಇಷ್ಟೆಲ್ಲ ಕಾವಲಿದ್ದರೂ ಯಂತ್ರವು ಒಂದೇ ಕೋಣೆಯಲ್ಲಿದ್ದರೆ ಭಯವು ತಪ್ಪಿದ್ದಲ್ಲ. ಮೊದಮೊದಲು ಭೂಮಿ ಯೋಜನೆಯ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇದ್ದವು; ಅನಂತರ ಅವುಗಳನ್ನು ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿಸಲಾಯಿತು. 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಯನ್ನು ರಾಯಚೂರು ಜಿಲ್ಲೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಮಣ್ಣಿನ ಮನೆಗಳು ಕುಸಿದವು. ಹೊಳೆಯ ದಡದ ಊರುಗಳು ಜಲಾವೃತವಾದವು. ಅಂತಹ ಮಳೆಗಾಲದಲ್ಲಿ ಮನೆಯ ಪೆಟ್ಟಿಗೆಯಲ್ಲಿಟ್ಟ ಕಾಗದಕ್ಕೆ ಒದಗುವ ಗತಿಯೇ ಒಂದೇ ಕೋಣೆಯಲ್ಲಿಟ್ಟ ಯಂತ್ರಕ್ಕೂ ಒದಗಬಹುದು. ಆದುದರಿಂದ ದಾಖಲೆಯ ಪ್ರತಿಯು ದೂರದ ಬೇರೊಂದು ಸ್ಥಳದಲ್ಲಿಯೂ ಇರಬೇಕು.

ಇದಕ್ಕಾಗಿ ಇಂದು ಬಳಕೆಗೆ ಬಂದಿರುವ ಏರ್ಪಾಡುಗಳಲ್ಲಿ ಕ್ಲೌಡ್ ಒಂದು. ಕ್ಲೌಡ್ ಎಂದರೆ ಮೋಡ. ಹೆಸರು ಮೋಡವೆಂದಿದ್ದರೂ ಅದು ಆಕಾಶದಲ್ಲಿಲ್ಲ. ಸಾವಿರಾರು ಗಣಕಯಂತ್ರಗಳನ್ನು ಸಾಲಾಗಿ ಜೋಡಿಸಿ, ತಂಪುಗಾಳಿಯಲ್ಲಿಟ್ಟು, ಹಗಲಿರುಳೂ ಕಾಯುವ ದೊಡ್ಡ ಕಟ್ಟಡಗಳಲ್ಲಿದೆ. ಬೇಕಾದವರು ತಮಗೆ ಬೇಕಾದಷ್ಟು ಯಂತ್ರಶಕ್ತಿಯನ್ನು ಬೇಕಾದಷ್ಟು ಕಾಲ ಬಾಡಿಗೆಗೆ ಪಡೆಯಬಹುದು. ಅಮೆಜಾನ್ ಸಂಸ್ಥೆಯು 2006ರಲ್ಲಿ ಇಂತಹ ಯಂತ್ರಗಳನ್ನು ಬಾಡಿಗೆಗೆ ಕೊಡತೊಡಗಿತು. 2009ರಲ್ಲಿ ಸಂಬಂಧಾತ್ಮಕ ದತ್ತಸಂಚಯವನ್ನೇ ಸಿದ್ಧವಾಗಿ ಒದಗಿಸತೊಡಗಿತು. ಭಾರತ ಸರ್ಕಾರವು ತನ್ನ ಇಲಾಖೆಗಳಿಗಾಗಿ 'ಮೇಘರಾಜ್' ಎಂಬ ಹೆಸರಿನ ಯೋಜನೆಯಡಿ ರಾಷ್ಟ್ರೀಯ ಕ್ಲೌಡನ್ನು 2014ರಲ್ಲಿ ಆರಂಭಿಸಿತು.

ಈ ವ್ಯವಸ್ಥೆಯನ್ನು ನಾವು ವಿದ್ಯುತ್ತಿಗೆ ಹೋಲಿಸಬಹುದು. ಒಂದು ಕಾಲದಲ್ಲಿ ಗಿರಣಿಗಳು ತಮ್ಮದೇ ಎಂಜಿನುಗಳನ್ನು ಇಟ್ಟುಕೊಂಡಿದ್ದವು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಂತಹ ಸ್ಥಾವರಗಳಿಂದ ತಂತಿಯ ಮೂಲಕ ವಿದ್ಯುತ್ ಬರತೊಡಗಿದ ಮೇಲೆ ಎಂಜಿನನ್ನು ಸಾಕುವ ತೊಂದರೆಯು ತಪ್ಪಿತು; ಬಳಸಿದಷ್ಟಕ್ಕೆ ಹಣ ತೆತ್ತರೆ ಸಾಕಾಯಿತು. ಕ್ಲೌಡ್ ಕೂಡ ಹಾಗೆಯೇ. ಆದರೆ ಈ ಹೋಲಿಕೆಗೆ ಒಂದು ಮಿತಿಯಿದೆ. ಒಂದು ಯೂನಿಟ್ ವಿದ್ಯುತ್ ನಷ್ಟವಾದರೆ ಅದರ ಬದಲಿಗೆ ಇನ್ನೊಂದು ಯೂನಿಟ್ ಬರುತ್ತದೆ. ಒಬ್ಬ ವಿಧವೆಯ ಹೆಸರಿದ್ದ ಸಾಲು ಕಳೆದುಹೋದರೆ ಅದರ ಬದಲಿಗೆ ಬೇರೊಂದು ಸಾಲು ಬರಲಾರದು. ಆದುದರಿಂದ ದತ್ತಸಂಚಯವನ್ನು ಕ್ಲೌಡಿನಲ್ಲಿ ಸ್ಥಾಪಿಸುವವರು ಬಲು ಎಚ್ಚರಿಕೆಯಿಂದ ಹೆಜ್ಜೆಯಿಡಬೇಕು.

ಮೊದಲನೆಯ ಹೆಜ್ಜೆ ಸ್ಥಳದ ಆಯ್ಕೆ. ಯಂತ್ರವು ಯಾವ ದೇಶದ, ಯಾವ ನಗರದ ಕಟ್ಟಡದಲ್ಲಿರಬೇಕು ಎಂಬುದನ್ನು ಸ್ಥಾಪಿಸುವವರೇ ಗೊತ್ತುಮಾಡಬೇಕು. ಪ್ರಜೆಗಳ ದಾಖಲೆಯು ದೇಶದ ಕಾನೂನಿನ ಆಶ್ರಯದಲ್ಲಿಯೇ ಇರುವುದು ಉಚಿತ. ಎರಡನೆಯದು ಅಳತೆ. ಮುಂಗಾರಿನ ಬಿತ್ತನೆಯ ವಾರಗಳಲ್ಲಿ ಪಹಣಿಗಾಗಿ ಬರುವ ಜನರು ಬೇಸಿಗೆಯಲ್ಲಿ ಬರುವವರಿಗಿಂತ ಹೆಚ್ಚು. ಆ ನೂಕುನುಗ್ಗಲಿಗೆ ಸಾಲುವಷ್ಟು ಶಕ್ತಿಯನ್ನು ಆಗ ಹೆಚ್ಚಿಸಿಕೊಂಡು, ಮುಂದೆ ಇಳಿಸಿಕೊಳ್ಳಬಹುದು. ಮೂರನೆಯದು ಬಾಗಿಲು. ದತ್ತಸಂಚಯದ ಬಾಗಿಲನ್ನು ಬೀದಿಗೆ ತೆರೆದಿಡಬಾರದು. ಪಹಣಿಯನ್ನು ಅಚ್ಚುಮಾಡುವವನಿಗೆ ಓದುವ ಅಧಿಕಾರ ಸಾಕು. ತಿದ್ದುವ ಅಧಿಕಾರವು ಹೊಣೆಯುಳ್ಳ ಅಧಿಕಾರಿಗೆ ಮಾತ್ರ ಇರಬೇಕು. ಯಾರು ಏನನ್ನು ತಿದ್ದಿದರೆಂಬುದು ಅಳಿಸಲಾಗದಂತೆ ಬರೆದಿರಬೇಕು.

ನಾಲ್ಕನೆಯದು ಸಾಗಣೆ. ಹತ್ತಿಯ ಗಾಡಿಯನ್ನು ಮಂಡಿಗೆ ಕಳುಹಿಸುವಾಗ ಹೊರಡುವಲ್ಲಿಯೂ ತಲಪುವಲ್ಲಿಯೂ ತೂಗುವುದುಂಟಷ್ಟೆ. ದಾಖಲೆಗಳನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸುವಾಗಲೂ ಹಾಗೆಯೇ ತೂಗಬೇಕು. ಸಾಲುಗಳ ಸಂಖ್ಯೆಯು ಎರಡು ಕಡೆಯೂ ಸಮನಾಗಿರಬೇಕು. ಗ್ರಾಮಗ್ರಾಮದ ಗುಂಟೆಗಳ ಒಟ್ಟು ಮೊತ್ತವೂ ಸಮನಾಗಿರಬೇಕು. ಹೊಸದು ಸರಿಯೆಂದು ಖಚಿತವಾದ ದಿನ ಹಳೆಯದರಲ್ಲಿ ಬರೆಯುವುದನ್ನು ನಿಲ್ಲಿಸಬೇಕು. ಎರಡು ಕಡೆ ಬರೆಯುತ್ತ ಹೋದರೆ ಎರಡು ವಹಿಗಳ ಹಳೆಯ ಜಗಳವೇ ಮರಳಿ ಹುಟ್ಟುತ್ತದೆ. ಭೂಮಿ ಯೋಜನೆಯಲ್ಲಿಯೂ ಗಣಕೀಕರಣವು ಮುಗಿದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿದುದು ಈ ಕಾರಣದಿಂದಲೇ.

ಐದನೆಯದು ಪ್ರತಿಗಳು. ಇಲ್ಲಿ ಬಹಳ ಜನರು ಎಡವುತ್ತಾರೆ. ಪ್ರತಿಗಳಲ್ಲಿ ಎರಡು ಬಗೆ. ಮುಖ್ಯಯಂತ್ರದಲ್ಲಿ ಬರೆದುದನ್ನು ಒಡನೊಡನೆಯೇ ತಾನೂ ಬರೆದುಕೊಳ್ಳುವ ಜೊತೆಯಂತ್ರವು ಮೊದಲನೆಯ ಬಗೆ. ಮುಖ್ಯಯಂತ್ರವು ಕೆಟ್ಟರೆ ಅದು ಕೂಡಲೇ ಕೆಲಸವನ್ನು ವಹಿಸಿಕೊಳ್ಳುತ್ತದೆ. ಆದರೆ ಯಾರಾದರೂ ಕೈತಪ್ಪಿನಿಂದ ಒಂದು ಹೋಬಳಿಯ ದಾಖಲೆಯನ್ನೇ ಅಳಿಸಿದರೆ ಜೊತೆಯಂತ್ರವೂ ನಿಷ್ಠೆಯಿಂದ ಅಳಿಸಿಬಿಡುತ್ತದೆ. ಕನ್ನಡಿಗೆ ಮುಖದ ತಪ್ಪನ್ನು ತಿದ್ದುವ ಶಕ್ತಿಯಿಲ್ಲ. ಇಂತಹ ತಪ್ಪಿಗೆ ಮದ್ದು ಎರಡನೆಯ ಬಗೆಯ ಪ್ರತಿ. ಪ್ರತಿದಿನವೂ ತೆಗೆದು ಬೇರೆಡೆ ಬೀಗ ಹಾಕಿಟ್ಟ ಪೂರ್ಣ ನಕಲು ಅದು. ಆ ನಕಲನ್ನೂ ಬಳಿಕದ ದಿನಚರಿಯನ್ನೂ ಸೇರಿಸಿದರೆ, ತಪ್ಪು ನಡೆಯುವುದಕ್ಕೆ ಮುಂಚಿನ ಕ್ಷಣದ ಸ್ಥಿತಿಗೆ ದತ್ತಸಂಚಯವನ್ನು ಮರಳಿಸಬಹುದು. ಬಿತ್ತನೆಯ ಬೀಜವನ್ನು ಊಟದ ಕಾಳಿನಿಂದ ಬೇರೆಯಾಗಿ ತೆಗೆದಿಡುವ ರೈತನಿಗೆ ಈ ವಿವೇಕವು ಹೊಸದಲ್ಲ.

ಈ ವಿವೇಕವನ್ನು ಮರೆತವರು ಬೆಲೆ ತೆತ್ತಿದ್ದಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓ.ವಿ.ಎಚ್. ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಮೂಲವನ್ನೂ ನಕಲನ್ನೂ ಅದೇ ಆವರಣದಲ್ಲಿಟ್ಟಿದ್ದ ಹಲವರು ಎರಡನ್ನೂ ಕಳೆದುಕೊಂಡರು. ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನೌಕರನೊಬ್ಬನ ಕೈತಪ್ಪಿನಿಂದ ಮುಖ್ಯ ದತ್ತಸಂಚಯವೇ ಅಳಿಸಿಹೋಯಿತು. ನಕಲು ತೆಗೆಯುವ ಹಲವು ಏರ್ಪಾಡುಗಳಿದ್ದರೂ ಬೇಕಾದ ವೇಳೆಗೆ ಅವು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದು ಆಗ ತಿಳಿಯಿತು. ಸುಮಾರು ಆರು ಗಂಟೆಗಳ ಹಿಂದಿನ ಒಂದು ಪ್ರತಿಯು ಸುದೈವದಿಂದ ಉಳಿದಿತ್ತು. ಆ ಆರು ಗಂಟೆಗಳ ಬರಹವು ಹೋದದ್ದು ಹೋಯಿತು. ನಕಲಿದೆಯೆಂದು ನಂಬಿದರೆ ಸಾಲದು. ಆಗಾಗ ಅದರಿಂದ ದಾಖಲೆಯನ್ನು ಮರಳಿ ಕಟ್ಟಿ ನೋಡಿದಾಗಲೇ ಅದು ನಕಲು ಎನಿಸಿಕೊಳ್ಳುತ್ತದೆ.

ಯಂತ್ರವನ್ನು ಬಾಡಿಗೆಗೆ ಕೊಟ್ಟವರು ಕಟ್ಟಡ, ವಿದ್ಯುತ್ತು, ತಂಪುಗಾಳಿ ಇವುಗಳ ಹೊಣೆಯನ್ನು ಹೊರುತ್ತಾರೆ. ಅಧಿಕಾರವನ್ನು ಯಾರಿಗೆ ಕೊಡಬೇಕು, ನಕಲನ್ನು ಎಲ್ಲಿಡಬೇಕು, ಅದನ್ನು ಯಾವಾಗ ಪರೀಕ್ಷಿಸಬೇಕು ಎಂಬ ಹೊಣೆಯು ದಾಖಲೆಯ ಒಡೆಯರಲ್ಲಿಯೇ ಉಳಿಯುತ್ತದೆ. ಇವೆಲ್ಲಕ್ಕೂ ಮಿಗಿಲಾದ ಇನ್ನೊಂದು ಹೊಣೆಯಿದೆ. ಗಣಕಯಂತ್ರವು ಬರೆದುದನ್ನು ಕಾಪಾಡುತ್ತದೆ; ಬರೆದುದು ನಿಜವೇ ಎಂದು ಹೊಲಕ್ಕೆ ಹೋಗಿ ನೋಡುವುದಿಲ್ಲ. ತೊಗರಿ ಬೆಳೆದ ಹೊಲಕ್ಕೆ ಹತ್ತಿಯೆಂದು ನಮೂದಿಸಿದರೆ ಅದು ಹತ್ತಿಯೆಂದೇ ನೂರು ವರ್ಷ ಹೇಳುತ್ತದೆ. ತೀರಿಕೊಂಡವನ ಹೆಸರನ್ನು ಬದಲಿಸಲು ಯಾರೂ ಅರ್ಜಿ ಕೊಡದಿದ್ದರೆ ಸತ್ತವನೇ ಒಡೆಯನಾಗಿ ಉಳಿಯುತ್ತಾನೆ. ಅವನ ಹೆಂಡತಿಮಕ್ಕಳಿಗೆ ಸಾಲವೂ ಸಿಗದು, ಪರಿಹಾರವೂ ಸಿಗದು.

ಆದುದರಿಂದ ಅಕ್ಷರ ಬಲ್ಲ ಮಕ್ಕಳು ಮಾಡಬಹುದಾದ ಒಂದು ಉಪಕಾರವಿದೆ. ಮನೆಗೆ ಬಂದ ಪಹಣಿಯನ್ನು ಹಿರಿಯರ ಮುಂದೆ ಒಮ್ಮೆ ಗಟ್ಟಿಯಾಗಿ ಓದಿ ಹೇಳಿರಿ. ಹೆಸರು ಸರಿಯೇ, ಗುಂಟೆ ಸರಿಯೇ, ತೀರಿಸಿದ ಸಾಲವು 11ನೆಯ ಕಲಮಿನಲ್ಲಿ ಇನ್ನೂ ಉಳಿದಿದೆಯೇ ಎಂಬುದನ್ನು ನೋಡಿರಿ. ತಪ್ಪಿದ್ದರೆ ತಿದ್ದಿಸಲು ಅರ್ಜಿ ಬರೆದುಕೊಡಿರಿ. ಮುಂದೆ ನಿಮ್ಮಲ್ಲಿ ಕೆಲವರು ಇಂತಹ ದತ್ತಸಂಚಯಗಳನ್ನು ಕಟ್ಟುವ, ಕಾಯುವ ಕೆಲಸಕ್ಕೆ ಸೇರಬಹುದು. ಆಗ ನಿಮ್ಮ ಕಣ್ಣ ಮುಂದೆ ಓಡುವ ಕೋಟಿ ಸಾಲುಗಳಲ್ಲಿ ಪ್ರತಿಯೊಂದು ಸಾಲೂ ಯಾರದೋ ಹೊಲವೆಂಬುದು ನಿಮ್ಮ ನೆನಪಿನಲ್ಲಿರಲಿ.

ಪದಗಳ ಅರ್ಥ

ಉಗ್ರಾಣ – ಸಾಮಗ್ರಿಗಳನ್ನು ಕೂಡಿಡುವ ಮನೆ. ವಹಿ – ಲೆಕ್ಕದ ಪುಸ್ತಕ. ಹಿಸ್ಸಾ – ಸರ್ವೆ ನಂಬರಿನ ಒಳಭಾಗ, ಪಾಲು. ವಿಲೇವಾರಿ – ತೀರ್ಮಾನ ಮಾಡಿ ಮುಗಿಸುವುದು. ಕೋಷ್ಟಕ – ಸಾಲು ಮತ್ತು ಕಲಮುಗಳುಳ್ಳ ಪಟ್ಟಿ. ಅನರ್ಥ – ಕೇಡು. ಜಲಾವೃತ – ನೀರಿನಿಂದ ಸುತ್ತುವರಿದುದು. ತೆತ್ತರೆ – ಕೊಟ್ಟರೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪಹಣಿಯ 11ನೆಯ ಕಲಮಿನಲ್ಲಿ ಏನನ್ನು ನಮೂದಿಸುತ್ತಾರೆ?
2. ಎಡ್ಗರ್ ಕಾಡ್‌ನ ಲೇಖನವು ಯಾವ ವರ್ಷ ಪ್ರಕಟವಾಯಿತು?
3. ಬರಿಯ ಸರ್ವೆ ನಂಬರು ಕೀಲಿಯಾಗಲಾರದು, ಏಕೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಪಹಣಿ ಮತ್ತು ಖಾತೆಯ ವಹಿಗಳು ಪರಸ್ಪರ ವಿರುದ್ಧವಾಗಲು ಕಾರಣವೇನು? ದತ್ತಸಂಚಯವು ಅದನ್ನು ಹೇಗೆ ತಪ್ಪಿಸುತ್ತದೆ?
2. ಕ್ಲೌಡನ್ನು ವಿದ್ಯುತ್ತಿಗೆ ಹೋಲಿಸುವುದರಲ್ಲಿರುವ ಮಿತಿಯೇನು?
3. 'ಕನ್ನಡಿಗೆ ಮುಖದ ತಪ್ಪನ್ನು ತಿದ್ದುವ ಶಕ್ತಿಯಿಲ್ಲ' – ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.

ಇ) ಹೊಲದ ಮಾರಾಟವೊಂದನ್ನು ಉದಾಹರಣೆಯಾಗಿಟ್ಟುಕೊಂಡು 'ವಹಿವಾಟು' ಎಂಬ ತತ್ತ್ವವನ್ನು ವಿವರಿಸಿರಿ.

ಈ) ಬಿಡಿಸಿ, ಸಂಧಿಯನ್ನು ಹೆಸರಿಸಿರಿ : ಕವಲೊಡೆ, ಹೊಲವನ್ನು, ಮಳೆಗಾಲ, ದತ್ತಾಂಶ.

ಉ) ನಿಮ್ಮ ಮನೆಯ ಅಥವಾ ನೆರೆಮನೆಯ ಪಹಣಿಯೊಂದನ್ನು ಹಿರಿಯರ ಒಪ್ಪಿಗೆ ಪಡೆದು ಓದಿರಿ. ಅದರಲ್ಲಿರುವ ಕಲಮುಗಳನ್ನು ಪಟ್ಟಿಮಾಡಿ, ಪ್ರತಿಯೊಂದರ ಉಪಯೋಗವನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ.